ಸೈಕಲ್ ಸವಾರಿಯ ಮೊದಲ ಅರ್ಧ ಗಂಟೆ

ನಮ್ಮ ಭಾಷೆಯಲ್ಲಿ 'ಆರಂಭಶೂರ' ಎಂಬ ಒಂದು ಮಾತುಂಟು. ಕೆಲಸವನ್ನು ಮಹಾ ಉತ್ಸಾಹದಿಂದ ಕೈಗೆತ್ತಿಕೊಂಡು ನಡುದಾರಿಯಲ್ಲಿ ಕೈಬಿಡುವವನನ್ನು ಹಾಗೆ ಕರೆಯುವುದು ವಾಡಿಕೆ. ಸಾಮಾನ್ಯವಾಗಿ ಈ ಮಾತನ್ನು ಮನಸ್ಸಿನ ದೋಷವನ್ನು ಕುರಿತು ಬಳಸುತ್ತೇವೆ. ಆದರೆ ದೂರದ ಸೈಕಲ್ ಸವಾರಿಗೆ ಹೊರಡುವ ನಮ್ಮ ವಿದ್ಯಾರ್ಥಿಗಳನ್ನು ನೋಡಿದಾಗಲೆಲ್ಲ ಇದು ದೇಹಕ್ಕೂ ಅಷ್ಟೇ ಒಪ್ಪುವ ಮಾತೆಂದು ನನಗೆ ತೋರುತ್ತದೆ. ರಜೆಯ ದಿನ ಬೆಳಗಿನ ಜಾವದಲ್ಲಿ ಹತ್ತು ಹನ್ನೆರಡು ಮಂದಿ ಒಂದೆಡೆ ಸೇರುತ್ತಾರೆ. ಚಕ್ರಗಳಿಗೆ ಗಾಳಿ ತುಂಬಿದ್ದಾಗಿದೆ, ಚೈನಿಗೆ ಎಣ್ಣೆ ಬಿಟ್ಟದ್ದಾಗಿದೆ, ಬ್ರೇಕುಗಳನ್ನು ಪರೀಕ್ಷಿಸಿದ್ದಾಗಿದೆ. ಯಾರೋ ಒಬ್ಬರು 'ಹೊರಡೋಣವೆ?' ಎನ್ನುತ್ತಲೇ ಎಲ್ಲರೂ ಬಿಲ್ಲಿನಿಂದ ಬಿಟ್ಟ ಬಾಣಗಳಂತೆ ಚಿಮ್ಮುತ್ತಾರೆ. ಸೈಕಲ್ಲಿನ ಒಂದೊಂದು ಅಂಗವನ್ನೂ ಸಿದ್ಧಪಡಿಸಿಕೊಂಡವರು ಅದನ್ನು ನಡೆಸುವ ಯಂತ್ರವನ್ನು, ಎಂದರೆ ತಮ್ಮ ದೇಹವನ್ನು, ಸಿದ್ಧಪಡಿಸಿಕೊಳ್ಳುವುದನ್ನು ಮಾತ್ರ ಮರೆತಿರುತ್ತಾರೆ.

ದೂರದ ಸವಾರಿಯ ಸುಖದುಃಖಗಳು ಬಹುಮಟ್ಟಿಗೆ ಮೊದಲ ಅರ್ಧ ಗಂಟೆಯಲ್ಲಿಯೇ ನಿರ್ಧಾರವಾಗುತ್ತವೆ ಎಂಬುದು ನನ್ನ ಅಭಿಪ್ರಾಯ. ಆ ಅರ್ಧ ಗಂಟೆಯನ್ನು ಬೇಕೆಂದೇ ನಿಧಾನವಾಗಿ ಕಳೆಯುವುದನ್ನು ನಮ್ಮ ಶಾಲಾ ಕಾಲೇಜುಗಳ ಪ್ರವಾಸಗಳಲ್ಲಿ ಒಂದು ನಿಯಮವನ್ನಾಗಿ ಮಾಡಬೇಕು. ಈ ಅಭಿಪ್ರಾಯಕ್ಕೆ ಸ್ವಂತ ಅನುಭವವೂ ಶರೀರಶಾಸ್ತ್ರವೂ ಆಧಾರವಾಗಿವೆ. ಮೊದಲು ಅನುಭವವನ್ನು ಹೇಳುತ್ತೇನೆ.

ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಹನ್ನೊಂದು ಮಂದಿ ಸಹಪಾಠಿಗಳು ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೊರಟೆವು. ದೂರ ಸುಮಾರು 60 ಕಿಲೋಮೀಟರು. ನಮ್ಮೊಡನೆ ಪ್ರಯೋಗಶಾಲೆಯ ಹಿರಿಯ ಸಹಾಯಕರೊಬ್ಬರು ಬಂದಿದ್ದರು. ಅವರ ವಯಸ್ಸು ಐವತ್ತು ದಾಟಿತ್ತು; ಅವರ ಸೈಕಲ್ಲಿನ ವಯಸ್ಸೂ ಅದಕ್ಕೆ ಬಹಳ ಕಡಿಮೆಯೇನೂ ಇರಲಿಲ್ಲ. ಹೆಬ್ಬಾಳವನ್ನು ದಾಟುತ್ತಲೇ ನಮ್ಮಲ್ಲಿ ಪಂದ್ಯವೇ ಪ್ರಾರಂಭವಾಯಿತು. ಯಲಹಂಕವನ್ನು ಯಾರು ಮೊದಲು ಮುಟ್ಟುತ್ತಾರೆಂಬುದೇ ಆ ಬೆಳಗಿನ ಪರಮ ಪ್ರಶ್ನೆಯಾಗಿ ಪರಿಣಮಿಸಿತು. ಹಿರಿಯರು ಮಾತ್ರ, "ನೀವು ನಡೀರಪ್ಪ, ನಾನು ಹಿಂದೆ ಬರ್ತೀನಿ" ಎಂದು ನಗುತ್ತ ಹಿಂದೆ ಉಳಿದರು.

ದೇವನಹಳ್ಳಿಯನ್ನು ಸೇರುವ ಹೊತ್ತಿಗೆ ನಮ್ಮ ಗುಂಪು ಎರಡು ಮೂರು ಕಿಲೋಮೀಟರುಗಳುದ್ದಕ್ಕೂ ಹರಿದು ಹಂಚಿಹೋಗಿತ್ತು. ಮೂವರು ಹುಣಿಸೆಮರದ ಕೆಳಗೆ ಕುಳಿತು ತೊಡೆ ನೀವಿಕೊಳ್ಳುತ್ತಿದ್ದರು. ಬೆಟ್ಟದ ಬುಡ ಬಂದಾಗ, ಯಲಹಂಕವನ್ನು ಮೊದಲು ಮುಟ್ಟಿದ್ದ ಮಿತ್ರನು ಸೈಕಲ್ಲಿನಿಂದಿಳಿದು ರಸ್ತೆಯ ಅಂಚಿನಲ್ಲಿ ವಾಂತಿ ಮಾಡಿಕೊಂಡನು. ಮುಖ ಬಿಳಿಚಿ, ಕೈಕಾಲು ನಡುಗುತ್ತಿದ್ದ ಅವನನ್ನು ಕಂಡು ನಾವೆಲ್ಲರೂ ಹೆದರಿದೆವು. ಅಲ್ಪಕಾಲದ ಮೇಲೆ ಬಂದ ಹಿರಿಯರು ಅವನನ್ನು ನೆರಳಿನಲ್ಲಿ ಮಲಗಿಸಿ, ತಮ್ಮ ಚೀಲದಿಂದ ಬೆಲ್ಲದ ಚೂರನ್ನೂ ನೀರನ್ನೂ ತೆಗೆದುಕೊಟ್ಟರು. ಆಮೇಲೆ ಅವರು ಒಂದೇ ಹದದಲ್ಲಿ ತುಳಿಯುತ್ತ, ಕಡಿದಾದ ಕಡೆಗಳಲ್ಲಿ ನಾಚಿಕೆಯಿಲ್ಲದೆ ಇಳಿದು ತಳ್ಳುತ್ತ ಬೆಟ್ಟವನ್ನೇರಿದರು. ಸಂಜೆ ನಾವು ಬಹುಮಂದಿ ಹುಲ್ಲಿನ ಮೇಲೆ ಬಿದ್ದುಕೊಂಡಿದ್ದಾಗ ಅವರೊಬ್ಬರೇ ಕೆಳಗಿಳಿದು, ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಕಂಬಗಳನ್ನು ನೋಡಿಕೊಂಡು ಬಂದರು. ನಾವು ನಂದಿಗೆ ಹೋಗಿದ್ದೆವು. ನಂದಿಯನ್ನು ನೋಡಿದವರು ಅವರು.

ಅಂದು ನಾವು ಇದನ್ನು ಅನುಭವದ ಫಲವೆಂದಷ್ಟೇ ಭಾವಿಸಿದೆವು. ಅವರ ನಿಧಾನದಲ್ಲಿ ಎಷ್ಟು ವಿಜ್ಞಾನ ಅಡಗಿತ್ತೆಂಬುದು ನನಗೆ ತಿಳಿದುಬಂದದ್ದು ತಡವಾಗಿ.

ಸವಾರನು ಪೆಡಲನ್ನು ತುಳಿಯಲಾರಂಭಿಸಿದ ಕ್ಷಣದಲ್ಲಿ ಅವನ ದೇಹದಲ್ಲಿ ಏನಾಗುತ್ತದೆ? ತೊಡೆಯ ಸ್ನಾಯುಗಳಿಗೆ ಬೇಕಾದ ಶಕ್ತಿಯ ಪ್ರಮಾಣ ಆ ಕ್ಷಣವೇ ಹಲವು ಪಟ್ಟು ಏರುತ್ತದೆ. ಆದರೆ ಆ ಶಕ್ತಿಯನ್ನು ಒದಗಿಸಲು ಅಗತ್ಯವಾದ ಆಮ್ಲಜನಕದ ಪೂರೈಕೆ ಅಷ್ಟು ಶೀಘ್ರವಾಗಿ ಏರಲಾರದು. ಕೋಪನ್‌ಹೇಗನ್ನಿನ ಆಗಸ್ಟ್ ಕ್ರೋಗ್ ಮತ್ತು ಯೋಹಾನೆಸ್ ಲಿಂಡ್‌ಹಾರ್ಡ್ ಎಂಬ ವಿಜ್ಞಾನಿಗಳು, ಕೆಲಸದ ಮೊದಲ ಕ್ಷಣಗಳಲ್ಲಿ ಉಸಿರಾಟವೂ ರಕ್ತಪರಿಚಲನೆಯೂ ಹೇಗೆ ಮಾರ್ಪಡುತ್ತವೆಂಬುದನ್ನು ಪರಿಶೀಲಿಸಿ 1913ರಲ್ಲಿ ಪ್ರಕಟಿಸಿದರು. ಅವರು ಬಳಸಿದ ಸಾಧನವೂ ಒಂದು ಸೈಕಲ್ಲೇ: ನಿಂತಲ್ಲಿಯೇ ತುಳಿಯುವ, ಮಾಡಿದ ಕೆಲಸವನ್ನು ಅಳೆಯಬಹುದಾದ ಸೈಕಲ್ಲು. ಸಾಧಾರಣ ಶ್ರಮದಲ್ಲಿಯೂ ದೇಹವು ಹೀರಿಕೊಳ್ಳುವ ಆಮ್ಲಜನಕವು ಅಗತ್ಯದ ಮಟ್ಟವನ್ನು ಮುಟ್ಟಲು ಒಂದೆರಡು ನಿಮಿಷಗಳು ಹಿಡಿಯುತ್ತವೆ. ಅತಿಶ್ರಮದಲ್ಲಿ ಇನ್ನೂ ಹೆಚ್ಚು ಕಾಲ ಬೇಕು. ಈ ನಡುವಣ ಕೊರತೆಯನ್ನು ಸ್ನಾಯುಗಳು ತಮ್ಮಲ್ಲಿರುವ ಅಲ್ಪ ದಾಸ್ತಾನಿನಿಂದಲೂ, ಆಮ್ಲಜನಕವಿಲ್ಲದೆ ಶರ್ಕರವನ್ನು ಒಡೆಯುವ ತುರ್ತು ಮಾರ್ಗದಿಂದಲೂ ತುಂಬಿಕೊಳ್ಳುತ್ತವೆ. ಇಂಗ್ಲೆಂಡಿನ ಎ. ವಿ. ಹಿಲ್ ಅವರು 1920ರ ದಶಕದಲ್ಲಿ ಇಂಥ ಸ್ಥಿತಿಗೆ 'ಆಮ್ಲಜನಕದ ಸಾಲ' ಎಂಬ ಹೆಸರನ್ನಿತ್ತರು. ಸಾಲದ ಲೆಕ್ಕವನ್ನು ಇಂದಿನ ಶರೀರಶಾಸ್ತ್ರಜ್ಞರು ಬಹಳಷ್ಟು ತಿದ್ದಿರುವರಾದರೂ ಉಪಮಾನವು ವಿದ್ಯಾರ್ಥಿಗಳಿಗೆ ಇಂದಿಗೂ ಉಪಯುಕ್ತವಾಗಿದೆ. ಮೆಲ್ಲನೆ ಹೊರಟವನ ಸಾಲ ಚಿಕ್ಕದು. ಧಾವಿಸಿದವನ ಸಾಲ ದೊಡ್ಡದು.

ರಕ್ತದ ಹಂಚಿಕೆಗೂ ಕಾಲಾವಕಾಶ ಬೇಕು. ನಾವು ಸುಮ್ಮನೆ ಕುಳಿತಿರುವಾಗ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಹೊರದೂಡುತ್ತದೆ. ಅದರಲ್ಲಿ ಐದನೆಯ ಒಂದು ಭಾಗದಷ್ಟು ಮಾತ್ರ ಸ್ನಾಯುಗಳಿಗೆ ಸಲ್ಲುತ್ತದೆ. ತೀವ್ರ ಶ್ರಮದಲ್ಲಾದರೋ ಹೊರಬೀಳುವ ರಕ್ತದ ಮೊತ್ತ ಹಲವು ಪಟ್ಟು ಹೆಚ್ಚುವುದಲ್ಲದೆ ಅದರ ನೂರಕ್ಕೆ ಎಂಬತ್ತರಷ್ಟು ಸ್ನಾಯುಗಳ ಕಡೆಗೆ ಹರಿಯುತ್ತದೆ. ಸ್ನಾಯುಗಳಲ್ಲಿರುವ ಅತಿ ಸೂಕ್ಷ್ಮವಾದ ಲೋಮನಾಳಗಳು ಅಗತ್ಯಕ್ಕೆ ತಕ್ಕಂತೆ ತೆರೆದುಕೊಳ್ಳುವ ಬಗೆಯನ್ನು ಕಂಡುಹಿಡಿದುದಕ್ಕಾಗಿಯೇ ಕ್ರೋಗ್ ಅವರಿಗೆ 1920ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕಾಲುವೆಗೆ ನೀರು ಬಿಡುವವನು ತೂಬನ್ನು ಒಮ್ಮೆಗೇ ಎತ್ತುವುದಿಲ್ಲವಷ್ಟೆ.

ಇನ್ನು ಉಷ್ಣತೆಯ ವಿಚಾರ. ವಿಶ್ರಾಂತಿಯಲ್ಲಿರುವ ತೊಡೆಯ ಸ್ನಾಯುವು ದೇಹದ ಒಳಭಾಗಕ್ಕಿಂತ ಒಂದೆರಡು ಡಿಗ್ರಿ ತಂಪಾಗಿರುತ್ತದೆ. ಮಾಗಿಯ ಮುಂಜಾನೆಯಲ್ಲಿ ಇನ್ನಷ್ಟು ತಂಪು. ಸವಾರಿ ಪ್ರಾರಂಭವಾದ ಹತ್ತು ಹದಿನೈದು ನಿಮಿಷಗಳಲ್ಲಿ ಅದು ಬಿಸಿಯೇರಿ ಒಳಭಾಗದ ಉಷ್ಣತೆಯನ್ನೂ ಮೀರುತ್ತದೆ. ಬಿಸಿಯಾದ ಸ್ನಾಯುವಿನಲ್ಲಿ ರಾಸಾಯನಿಕ ಕ್ರಿಯೆಗಳು ಚುರುಕಾಗಿ ನಡೆಯುತ್ತವೆ, ರಕ್ತವು ತಾನು ಹೊತ್ತು ತಂದ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. 'ಮೈ ಬಿಸಿಯಾಗುವುದು' ಎಂಬ ನಮ್ಮ ಜನರ ಮಾತು ಅಕ್ಷರಶಃ ಸತ್ಯ.

ಹಾಗಾದರೆ ಹೊರಡುವ ಮೊದಲು ಅರ್ಧ ಗಂಟೆ ದಂಡ ಬೈಠಕುಗಳನ್ನು ತೆಗೆಯಬೇಕೆ? ಅಗತ್ಯವಿಲ್ಲ. ಇಲ್ಲಿ ಒಂದು ಸ್ವಾರಸ್ಯವುಂಟು. ನಾಲ್ಕೈದು ನಿಮಿಷಗಳಲ್ಲಿ ಮುಗಿಯುವ ಪಂದ್ಯದಲ್ಲಿ ಸ್ಪರ್ಧಿಸುವವನು ಮೊದಲೇ ಚೆನ್ನಾಗಿ ಮೈ ಬಿಸಿಮಾಡಿಕೊಂಡಿರಬೇಕು. ಅವನಿಗೆ ದಾರಿಯಲ್ಲಿ ಅದಕ್ಕೆ ಅವಕಾಶವಿಲ್ಲ. ನಾಲ್ಕೈದು ಗಂಟೆಗಳ ಸವಾರಿಗೆ ಹೊರಡುವವನಿಗೆ ಸವಾರಿಯ ಪ್ರಾರಂಭವೇ ಈ ಸಿದ್ಧತೆಯಾಗಬಲ್ಲದು. ದೂರ ಹೆಚ್ಚಿದಷ್ಟೂ ಪ್ರತ್ಯೇಕ ವ್ಯಾಯಾಮದ ಅಗತ್ಯ ಕಡಿಮೆ, ಪ್ರಾರಂಭದ ಸಂಯಮದ ಅಗತ್ಯ ಹೆಚ್ಚು. ಮೊದಲ ಇಪ್ಪತ್ತು ಮೂವತ್ತು ನಿಮಿಷಗಳ ಕಾಲ ಹಗುರವಾಗಿ ತುಳಿದರೆ ಸಾಕು. ಗೇರುಗಳಿರುವ ಸೈಕಲ್ಲಾದರೆ ಹಗುರವಾದ ಗೇರನ್ನು ಆರಿಸಿಕೊಳ್ಳಬೇಕು. ಹಗುರವೆಂದರೆ ಎಷ್ಟು? ಜೊತೆಯವರೊಡನೆ ಏದುಸಿರಿಲ್ಲದೆ ಪೂರ್ಣ ವಾಕ್ಯಗಳಲ್ಲಿ ಮಾತನಾಡುವಂತಿರಬೇಕು. ಪ್ರತಿ ಎರಡು ಮಾತಿಗೊಮ್ಮೆ ಉಸಿರೆಳೆದುಕೊಳ್ಳಬೇಕಾದರೆ ವೇಗ ಅತಿಯಾಯಿತೆಂದೇ ತಿಳಿಯಬೇಕು. ಇದಕ್ಕಿಂತ ಅಗ್ಗದ ಮಾಪಕ ಇನ್ನೊಂದಿಲ್ಲ.

ಈಗ ಇಂಧನದ ಕಡೆಗೆ ಬರೋಣ. ನಮ್ಮ ಸ್ನಾಯುಗಳಿಗೆ ಮುಖ್ಯವಾಗಿ ಎರಡು ಇಂಧನಗಳು: ಗ್ಲೈಕೋಜನ್ ಎಂಬ ಪಿಷ್ಟಸದೃಶ ವಸ್ತು ಮತ್ತು ಕೊಬ್ಬು. ವಯಸ್ಕನೊಬ್ಬನ ದೇಹದಲ್ಲಿ ಗ್ಲೈಕೋಜನ್ ಸುಮಾರು 400ರಿಂದ 500 ಗ್ರಾಂ ಇರುವುದು. ಅದರಿಂದ ದೊರೆಯುವ ಶಕ್ತಿ 2,000 ಕಿಲೋಕ್ಯಾಲೊರಿಗಳನ್ನು ಮೀರುವುದು ಅಪರೂಪ. ಕೃಶನಾದ ತರುಣನಲ್ಲಿಯೂ ನಾಲ್ಕೈದು ಕಿಲೋಗ್ರಾಂ ಕೊಬ್ಬು ಇದ್ದೇ ಇರುವುದು; ಅದರ ಶಕ್ತಿ ಮೂವತ್ತು ನಲವತ್ತು ಸಾವಿರ ಕಿಲೋಕ್ಯಾಲೊರಿ. ಆದರೆ ಕೊಬ್ಬು ನಿಧಾನವಾಗಿ ಉರಿಯುವ ಸೌದೆ. ಹದವಾದ ವೇಗದಲ್ಲಿ ಅದು ತನ್ನ ಪಾಲನ್ನು ಸಲ್ಲಿಸುತ್ತದೆ. ವೇಗ ಹೆಚ್ಚಿದಂತೆ ಗ್ಲೈಕೋಜನ್ನಿನ ಮೇಲೆಯೇ ಭಾರವೆಲ್ಲ ಬೀಳುತ್ತದೆ. ಒಂದೇ ಸಮನೆ ತೀವ್ರವಾಗಿ ತುಳಿದರೆ ಈ ದಾಸ್ತಾನು ಸುಮಾರು ಎರಡು ಗಂಟೆಗಳಲ್ಲಿ ಬರಿದಾಗುವ ಸಂಭವವಿದೆ.

ಸ್ಟಾಕ್‌ಹೋಮಿನ ಯೋನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ ಎಂಬ ವೈದ್ಯರು 1966ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣಾರ್ಹ. ಒಂದೇ ಸೈಕಲ್ ಯಂತ್ರದ ಎರಡು ಪಕ್ಕಗಳಲ್ಲಿ ಇಬ್ಬರೂ ಕುಳಿತು, ತಲಾ ಒಂದೊಂದೇ ಕಾಲಿನಿಂದ ಬಳಲಿ ಬೀಳುವವರೆಗೆ ತುಳಿದರು. ಬಳಿಕ ಸೂಜಿಯ ಮೂಲಕ ಎರಡು ತೊಡೆಗಳಿಂದಲೂ ಸ್ನಾಯುವಿನ ಚೂರುಗಳನ್ನು ತೆಗೆದು ಪರೀಕ್ಷಿಸಿದಾಗ, ದುಡಿದ ಕಾಲಿನಲ್ಲಿ ಗ್ಲೈಕೋಜನ್ ಬಹುಮಟ್ಟಿಗೆ ಬರಿದಾಗಿತ್ತು. ಸುಮ್ಮನಿದ್ದ ಕಾಲಿನಲ್ಲಿ ಹಾಗೆಯೇ ಉಳಿದಿತ್ತು. ಒಂದು ಸ್ನಾಯುವಿನ ದಾಸ್ತಾನನ್ನು ಇನ್ನೊಂದು ಸ್ನಾಯು ಕಡ ಪಡೆಯಲಾರದೆಂದು ಇದರಿಂದ ಸ್ಪಷ್ಟವಾಯಿತು. ಯಲಹಂಕದ ಪಂದ್ಯದಲ್ಲಿ ತೊಡೆಯ ಗ್ಲೈಕೋಜನ್ನನ್ನು ಸುಟ್ಟುಹಾಕಿಕೊಂಡವನಿಗೆ ನಂದಿಯ ಏರಿನಲ್ಲಿ ತೋಳಿನ ಗ್ಲೈಕೋಜನ್ ನೆರವಾಗಲಾರದು. ಹಿರಿಯರು ಕೊಟ್ಟ ಬೆಲ್ಲದ ಚೂರು ರಕ್ತದ ಸಕ್ಕರೆಯನ್ನು ಎತ್ತಿ ಮಿತ್ರನನ್ನು ಎಬ್ಬಿಸಿ ಕೂರಿಸಿತು. ಕಳೆದುಹೋದ ದಾಸ್ತಾನನ್ನು ಅದು ಅಂದೇ ತುಂಬಿಕೊಡಲಿಲ್ಲ. ಆದುದರಿಂದ ಒಂದೂವರೆ ಗಂಟೆಗೆ ಮೀರಿದ ಸವಾರಿಯಲ್ಲಿ ಹಸಿವಾಗುವುದಕ್ಕೆ ಮೊದಲೇ ಬಾಳೆಹಣ್ಣನ್ನೋ ಕಡಲೆಮಿಠಾಯಿಯನ್ನೋ ತಿನ್ನುತ್ತ, ಆಗಾಗ ನೀರು ಕುಡಿಯುತ್ತ ಹೋಗುವುದು ಒಳ್ಳೆಯದು.

ಭೌತಶಾಸ್ತ್ರವೂ ಅವಸರಗಾರನ ಪಕ್ಷದಲ್ಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಸವಾರನಿಗೆ ದೊಡ್ಡ ಎದುರಾಳಿ ಗಾಳಿಯೇ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅದನ್ನು ಜಯಿಸಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 20 ಕಿಲೋಮೀಟರಿನಿಂದ 25ಕ್ಕೆ ಏರಿದರೆ ಗಾಳಿಯ ವಿರುದ್ಧ ಬೇಕಾಗುವ ಸಾಮರ್ಥ್ಯ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. 30ಕ್ಕೆ ಏರಿದರೆ ಮೂರು ಪಟ್ಟನ್ನೂ ಮೀರುತ್ತದೆ. ಒಂದು ಲೆಕ್ಕವನ್ನು ನೋಡಿ. 40 ಕಿಲೋಮೀಟರುಗಳ ದಾರಿಯಲ್ಲಿ ಒಬ್ಬನು ಮೊದಲರ್ಧವನ್ನು ಗಂಟೆಗೆ 30ರ ವೇಗದಲ್ಲಿಯೂ, ಬಳಲಿದ ಮೇಲೆ ಉಳಿದರ್ಧವನ್ನು 20ರ ವೇಗದಲ್ಲಿಯೂ ಕ್ರಮಿಸುತ್ತಾನೆ. ಅವನಿಗೆ ಹಿಡಿಯುವ ಕಾಲ 100 ನಿಮಿಷ. ಇನ್ನೊಬ್ಬನು ಉದ್ದಕ್ಕೂ ಗಂಟೆಗೆ 24ರ ವೇಗದಲ್ಲಿ ಹೋಗಿ ಅದೇ 100 ನಿಮಿಷಗಳಲ್ಲಿ ತಲಪುತ್ತಾನೆ. ಕಾಲ ಒಂದೇ, ಆದರೆ ಮೊದಲನೆಯವನು ಗಾಳಿಯ ವಿರುದ್ಧ ನೂರಕ್ಕೆ ಹದಿಮೂರರಷ್ಟು ಹೆಚ್ಚು ಶಕ್ತಿಯನ್ನು ವ್ಯಯಮಾಡಿರುತ್ತಾನೆ. ಇದು ಬರಿಯ ಯಂತ್ರಶಾಸ್ತ್ರದ ಲೆಕ್ಕ. ಮಿತಿಮೀರಿದ ಶ್ರಮಕ್ಕಾಗಿ ದೇಹವು ತೆರುವ ದಂಡ ಇದರ ಮೇಲೆ ಬೇರೆ.

ಸಮವೇಗವೇ ಎಲ್ಲೆಡೆಯೂ ಶ್ರೇಷ್ಠವೆಂದು ಇದರಿಂದ ಭಾವಿಸಬಾರದು. ಏರುದಾರಿಯಲ್ಲಿಯೂ ಎದುರುಗಾಳಿಯಲ್ಲಿಯೂ ವೇಗ ತಗ್ಗಲೇಬೇಕು. ಕಾಪಾಡಬೇಕಾದದ್ದು ಶ್ರಮದ ಸಮತೆಯನ್ನು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ನಂದಿಯ ಶಿಖರ 1,478 ಮೀಟರು. ಈ ಎತ್ತರದ ಬಹುಭಾಗವನ್ನು ಕೊನೆಯ ಕೆಲವೇ ಕಿಲೋಮೀಟರುಗಳಲ್ಲಿ ಏರಬೇಕು. 55 ಕಿಲೋಗ್ರಾಂ ತೂಗುವ ವಿದ್ಯಾರ್ಥಿ, 20 ಕಿಲೋಗ್ರಾಂ ತೂಗುವ ಸಾಮಾನ್ಯ ಸೈಕಲ್ಲು, 400 ಮೀಟರು ಏರು ಎಂದಿಟ್ಟುಕೊಂಡರೆ ಭಾರವನ್ನೆತ್ತುವುದಕ್ಕೇ 2,94,000 ಜೌಲುಗಳಷ್ಟು ಕೆಲಸವಾಗುತ್ತದೆ. ಸ್ನಾಯುಗಳು ಇಂಧನದ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಕೆಲಸವನ್ನಾಗಿ ಮಾರ್ಪಡಿಸಬಲ್ಲವು. ಆದುದರಿಂದ ಖರ್ಚು ಸುಮಾರು 280 ಕಿಲೋಕ್ಯಾಲೊರಿ, ಎಂದರೆ 70 ಗ್ರಾಂ ಸಕ್ಕರೆಯ ಶಕ್ತಿ. ಈ ಸಾಲವನ್ನು ತೀರಿಸಬೇಕಾದುದು ದಾರಿಯ ಕೊನೆಯಲ್ಲಿ ಎಂಬುದನ್ನು ಹೊರಡುವಾಗಲೇ ನೆನೆಯುವವನು ಜಾಣ.

ನನ್ನ ಅಭಿಪ್ರಾಯಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಮೊದಲನೆಯದು, 'ಇವೆಲ್ಲ ವಯಸ್ಸಾದವರಿಗೆ; ತರುಣರಿಗೇಕೆ?' ಎಂಬುದು. ತರುಣರ ಹೃದಯ ಬೇಗ ಸ್ಪಂದಿಸುತ್ತದೆ, ಬೇಗ ಚೇತರಿಸಿಕೊಳ್ಳುತ್ತದೆ ಎಂಬುದು ನಿಜ. ಆದರೆ ಗ್ಲೈಕೋಜನ್ನಿನ ಮಿತಿಯೂ ಗಾಳಿಯ ನಿಯಮವೂ ವಯಸ್ಸನ್ನು ಕೇಳುವುದಿಲ್ಲ. ಎರಡನೆಯದು, ಮಹಾ ಸವಾರರ ನಿದರ್ಶನ. ಬೆಲ್ಜಿಯಮ್ಮಿನ ಎಡ್ಡಿ ಮೆರ್ಕ್ಸ್ 1972ರಲ್ಲಿ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರು ಕ್ರಮಿಸಿ ದಾಖಲೆ ಸ್ಥಾಪಿಸಿದಾಗ ಪ್ರಾರಂಭದಲ್ಲಿಯೇ ಅತಿವೇಗದಿಂದ ಹೊರಟು, 10 ಮತ್ತು 20 ಕಿಲೋಮೀಟರುಗಳ ದಾಖಲೆಗಳನ್ನೂ ದಾರಿಯಲ್ಲಿ ಮುರಿದರು. ಆದರೆ ಅದು ಒಂದೇ ಗಂಟೆಯ ಸಾಹಸ, ಅದೂ ಆ ಕಾಲದ ಅಗ್ರಗಣ್ಯ ಸವಾರನದು. ಅಪವಾದವನ್ನು ಮಾದರಿಯಾಗಿ ಹಿಡಿಯುವುದು ವಿವೇಕವಲ್ಲ.

ಮೂರನೆಯ ಆಕ್ಷೇಪಣೆ ಹೆಚ್ಚು ತೂಕವುಳ್ಳದ್ದು. ನಮ್ಮದು ಬಿಸಿಲಿನ ನಾಡು; ತಂಪು ಹೊತ್ತಿನಲ್ಲಿ ಸಾಧ್ಯವಾದಷ್ಟು ದೂರ ಸಾಗಬೇಡವೆ? ಬೇಕು, ನಿಜ. ಅದಕ್ಕೆ ಉಪಾಯ ಅರ್ಧ ಗಂಟೆ ಮೊದಲು ಹೊರಡುವುದು. ಬೆಳಕು ಹರಿಯುವ ಮೊದಲೇ ಹೊರಡುವುದಾದರೆ ದೀಪ ಕಡ್ಡಾಯ. ಬಿಸಿಲೇರಿದ ಮೇಲೆ ರಕ್ತವು ಸ್ನಾಯುಗಳಿಗೂ ಬೆವರಿಳಿಸುವ ಚರ್ಮಕ್ಕೂ ಹಂಚಿಹೋಗಬೇಕಾಗುತ್ತದೆ. ಆ ಹೊತ್ತಿಗೆ ಬಳಲಿ ಬೆಂಡಾಗಿರುವವನಿಗಿಂತ, ಬಲವನ್ನು ಉಳಿಸಿಕೊಂಡಿರುವವನೇ ಬಿಸಿಲನ್ನು ತಾಳಬಲ್ಲ.

ಹದವರಿತ ನಡೆಯನ್ನು ಒಂದು ಪದ್ಧತಿಯನ್ನಾಗಿಯೇ ಬೆಳೆಸಿದವರೂ ಉಂಟು. 1897ರಲ್ಲಿ ಇಟಲಿಯ ಕೆಲವರು ರೋಮಿನಿಂದ ನೇಪಲ್ಸಿಗೆ 230 ಕಿಲೋಮೀಟರುಗಳನ್ನು ಸೂರ್ಯೋದಯ ಸೂರ್ಯಾಸ್ತಗಳ ನಡುವೆ ಕ್ರಮಿಸಿದರು. ಅವರಿಗೆ 'ಔಡಾಕ್ಸ್' ಎಂಬ ಹೆಸರು ಬಂದಿತು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಧೈರ್ಯಶಾಲಿಯೆಂದು ಅರ್ಥ. ಈ ಸಂಪ್ರದಾಯ ಫ್ರಾನ್ಸಿನಲ್ಲಿ ಬೆಳೆದಾಗ, ಗುಂಪಿನ ಮುಂದೆ ಒಬ್ಬ ನಾಯಕನು ಗಂಟೆಗೆ 22.5 ಕಿಲೋಮೀಟರುಗಳ ಸರಾಸರಿಯನ್ನು ಕಾಯ್ದುಕೊಂಡು ಹೋಗುವುದು, ಅವನನ್ನು ಯಾರೂ ಮೀರದಿರುವುದು ನಿಯಮವಾಯಿತು. ಧೈರ್ಯಶಾಲಿಗಳೆನಿಸಿಕೊಂಡವರೇ ನಾಯಕನ ಹಿಂದೆ ವಿನಯದಿಂದ ಸಾಗುವುದನ್ನು ನಮ್ಮ ಆರಂಭಶೂರರು ಗಮನಿಸಬೇಕು. ಇಂದು ಬೆಂಗಳೂರಿನಿಂದಲೂ ಹೊರಡುವ 200 ಕಿಲೋಮೀಟರುಗಳ ಸವಾರಿಗಳಿಗೆ ಹದಿಮೂರೂವರೆ ಗಂಟೆಗಳ ಗಡುವಿದೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಇಷ್ಟದ ವೇಗದಲ್ಲಿ ಹೋಗಬಹುದು. ಗಂಟೆಗೆ 18 ಕಿಲೋಮೀಟರು ಸಾಗುವವನಿಗೂ ಊಟ ವಿಶ್ರಾಂತಿಗಳಿಗೆಂದು ಎರಡು ಗಂಟೆಗೂ ಹೆಚ್ಚು ಕಾಲ ಮಿಗುತ್ತದೆ.

ಆದುದರಿಂದ ನಮ್ಮ ಶಾಲಾ ಕಾಲೇಜುಗಳ ಸೈಕಲ್ ಪ್ರವಾಸಗಳಿಗೆ ಮೂರು ನಿಯಮಗಳನ್ನು ಸೂಚಿಸುತ್ತೇನೆ. ಮೊದಲ ಅರ್ಧ ಗಂಟೆ ಯಾರೂ ನಾಯಕನನ್ನು ಮೀರಬಾರದು. ಆ ನಾಯಕನು ಗುಂಪಿನಲ್ಲಿ ಅತ್ಯಂತ ಬಲಶಾಲಿಯಾಗಿರಬೇಕಾಗಿಲ್ಲ. ಅತ್ಯಂತ ನಿಧಾನವಾಗಿ ತುಳಿಯುವವರ ಉಸಿರನ್ನು ಗಮನಿಸಬಲ್ಲವನಾಗಿರಬೇಕು. ಮೊದಲು ತಲಪಿದವನ ಹೆಸರನ್ನು ಹೊಗಳುವ ಬದಲು, ಎಲ್ಲರೂ ತಲಪಿದ ಹೊತ್ತನ್ನು ಪ್ರವಾಸದ ಹೊತ್ತೆಂದು ಬರೆದುಕೊಳ್ಳಬೇಕು. ಗೇರಿಲ್ಲದ ಭಾರದ ಸೈಕಲ್ಲಿನಲ್ಲಿ ಬರುವ ಹುಡುಗ, ಮೊದಲ ಬಾರಿ ದೂರಕ್ಕೆ ಹೊರಟ ಹುಡುಗಿ, ಇಂಥವರು ಒಂದು ಕಹಿ ಅನುಭವದಿಂದ ಸೈಕಲ್ಲನ್ನೇ ತೊರೆಯುವುದುಂಟು. ಅವರನ್ನು ಕಳೆದುಕೊಳ್ಳದಿರುವುದು ಪ್ರವಾಸದ ಮೊದಲ ಕರ್ತವ್ಯ. ಉಬ್ಬಸದವರೂ ಹೃದಯದ ತೊಂದರೆಯುಳ್ಳವರೂ ವೈದ್ಯರ ಸಲಹೆಯಿಲ್ಲದೆ ಹೊರಡಕೂಡದು.

ನನ್ನ ಮಾತನ್ನು ನಂಬಲೇಬೇಕೆಂದಿಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಪ್ರಯೋಗಮಾಡಿ ನೋಡಬಹುದು. ವಾಹನಸಂಚಾರ ವಿರಳವಾದ 20 ಕಿಲೋಮೀಟರುಗಳ ದಾರಿಯೊಂದನ್ನು ಆರಿಸಿಕೊಳ್ಳಿ. ಒಂದು ಭಾನುವಾರ ಮೊದಲ ಐದು ಕಿಲೋಮೀಟರುಗಳನ್ನು ನಿಮ್ಮ ರೂಢಿಯಂತೆ ವೇಗವಾಗಿ, ಮುಂದಿನ ಭಾನುವಾರ ಅದೇ ಹೊತ್ತಿಗೆ ಹೊರಟು ಅದೇ ಐದು ಕಿಲೋಮೀಟರುಗಳನ್ನು ಮಾತನಾಡುತ್ತ ಕ್ರಮಿಸಿ. ಎರಡು ಸಲವೂ ಒಟ್ಟು ಕಾಲವನ್ನೂ, ಐದನೆಯ ಮತ್ತು ಇಪ್ಪತ್ತನೆಯ ಕಿಲೋಮೀಟರಿನಲ್ಲಿ ನಾಡಿಯ ಬಡಿತವನ್ನೂ ಬರೆದಿಡಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು. ಗಾಳಿ ಬಿಸಿಲುಗಳು ದಿನದಿಂದ ದಿನಕ್ಕೆ ಬದಲಾಗುವುದರಿಂದ ಒಂದೇ ಸಲದ ಫಲಿತಾಂಶವನ್ನು ನೆಚ್ಚಬೇಡಿ. ಮೂರು ನಾಲ್ಕು ಸಲ ಮಾಡಿ, ಮಿತ್ರರ ಅಂಕಿಗಳೊಡನೆ ಹೋಲಿಸಿ. ಮನೆಗೆ ಬಂದ ಮೇಲೆ ಪುಸ್ತಕ ಹಿಡಿಯುವ ಮನಸ್ಸಾಯಿತೋ ಮಂಚ ಹಿಡಿಯುವ ಮನಸ್ಸಾಯಿತೋ ಎಂಬುದನ್ನೂ ಮರೆಯದೆ ಬರೆಯಿರಿ.

ಅಂದು ವಾಂತಿ ಮಾಡಿಕೊಂಡ ಮಿತ್ರನು ಇಂದಿಗೂ ಸೈಕಲ್ಲಿನಲ್ಲಿ ನಂದಿಗೆ ಹೋಗಿಬರುತ್ತಾನೆ. ಹೆಬ್ಬಾಳದ ಬಳಿ ತರುಣರು ಅವನನ್ನು ಹಿಂದೆ ಹಾಕಿ ಮುನ್ನುಗ್ಗುತ್ತಾರೆ. "ನಡೀರಪ್ಪ, ನಾನು ಹಿಂದೆ ಬರ್ತೀನಿ" ಎಂದು ಅವನೂ ಈಗ ನಗುತ್ತಾನಂತೆ. ಅವರಲ್ಲಿ ಕೆಲವರನ್ನು ಬೆಟ್ಟದ ಬುಡದಲ್ಲಿ ಮತ್ತೆ ಕಾಣುವುದುಂಟು. ಅವನ ಚೀಲದಲ್ಲಿ ಅವರಿಗಾಗಿ ಬೆಲ್ಲದ ಚೂರು ಇದ್ದೇ ಇರುತ್ತದೆ.